ಗೇಟಿನ ಕಾವಲು, ಬೇವಿನ ಮರದ ಬಳ್ಳಿ

ಭಾವನ ಲಿವರ್‌ನಲ್ಲಿ ಏನು ನಡೆಯುತ್ತಿದೆ ಎಂದು ನಾನು ಚಿತ್ರ ಬಿಡಿಸಿ ತೋರಿಸಿದ್ದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ. ಹಾಗೆಂದು ನನ್ನ ನೆನಪು. ಅದು ಯಾರದೋ ಮದುವೆಯ ಲಗ್ನಪತ್ರಿಕೆಯ ಹಿಂಬದಿ ಎಂದು ಅಕ್ಕ ಹೇಳುತ್ತಾಳೆ. ಹಾಳೆ ಈಗ ಇಲ್ಲ. ಯಾರೋ ಅದರ ಮೇಲೆ ಮಂಡಕ್ಕಿ ಹಾಕಿಕೊಂಡು ತಿಂದು ಬಿಸಾಡಿದರು. ಕ್ಯಾಲೆಂಡರೋ ಲಗ್ನಪತ್ರಿಕೆಯೋ, ಅದರಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ. ಆದರೆ ಅದಾದ ಎರಡು ತಿಂಗಳೊಳಗೆ ಇನ್ನೊಂದು ವಿಷಯದಲ್ಲಿ ನನ್ನ ನೆನಪು ಒಂದು ಹೇಳಿತು, ಅಕ್ಕನದು ಇನ್ನೊಂದು ಹೇಳಿತು. ಭಾವನ ಚಿಕಿತ್ಸೆ ಮುಂದುವರಿಯುವುದೋ ನಿಲ್ಲುವುದೋ ಎಂಬುದು ಆ ಎರಡರಲ್ಲಿ ಯಾವುದು ನಿಜ ಎಂಬುದರ ಮೇಲೆ ನಿಂತಿತ್ತು. ಅದನ್ನು ಬರೆದಿಡಬೇಕು. ಸೋತವನು ನಾನೇ ಆದ್ದರಿಂದ ನಾನೇ ಬರೆಯುವುದು ಸರಿ.

ಭಾವ ಹರಿಹರದವರು. ಮೂವತ್ತು ವರ್ಷ ಒಂದು ಸಣ್ಣ ಎರಕದ ಕಾರ್ಖಾನೆಯ ಗೇಟಿನಲ್ಲಿ ಟೈಮ್‌ಕೀಪರ್ ಆಗಿದ್ದರು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಅದರ ಜಾಗದಲ್ಲಿ ಈಗ ಮನೆಗಳು ಎದ್ದಿವೆ. ಆದರೂ ಯಾರಾದರೂ ಬಂದರೆ ಭಾವ ಇವತ್ತಿಗೂ ಮೊದಲು ಗೋಡೆಯ ಗಡಿಯಾರ ನೋಡಿ, ಆಮೇಲೆ ಬಂದವರ ಮುಖ ನೋಡುತ್ತಾರೆ. ಹೊಟ್ಟೆಯ ಬಲಗಡೆ ಭಾರ ಎಂದು ಸ್ಕ್ಯಾನ್ ಮಾಡಿಸಿದಾಗ ಗೆಡ್ಡೆ ಕಂಡಿತು. ಒಂದಲ್ಲ, ಮೂರು. ಹಳೆಯ ಹೆಪಟೈಟಿಸ್ ಬಿ ಸೋಂಕು ಯಾವ ಕಾಲದಲ್ಲಿ ಬಂದು ಒಳಗೆ ಕೂತಿತ್ತೋ ಅವರಿಗೂ ಗೊತ್ತಿಲ್ಲ. ಕೊಯ್ದು ತೆಗೆಯುವ ಹಾಗಿಲ್ಲ ಎಂದರು ದಾವಣಗೆರೆಯ ಡಾಕ್ಟರು. ವೈರಸ್ಸಿಗೆ ದಿನಾ ಒಂದು ಮಾತ್ರೆ, ಗೆಡ್ಡೆಗೆ ಮೂರು ವಾರಕ್ಕೊಮ್ಮೆ ಎರಡು ಔಷಧಿಗಳ ಡ್ರಿಪ್. ಕೂದಲು ಉದುರಿಸುವ ಹಳೆಯ ಬಗೆಯದಲ್ಲ, ದೇಹದ ರೋಗನಿರೋಧಕ ಕಣಗಳನ್ನೇ ಗೆಡ್ಡೆಯ ಮೇಲೆ ಬಿಡುವಂಥದ್ದು.

ನಾನು ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಓದಿ, ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವವನು. ವಿನೋಬನಗರದಲ್ಲಿ ಮನೆ. ಹಾಗಾಗಿ ಡಾಕ್ಟರು ಹೇಳಿದ್ದನ್ನು ಮನೆಯವರಿಗೆ ಬಿಡಿಸಿ ಹೇಳುವ ಕೆಲಸ ಸಹಜವಾಗಿ ನನ್ನ ಪಾಲಿಗೆ ಬಂತು. ಮೊದಲ ಡ್ರಿಪ್ಪಿಗೆ ಮುಂಚಿನ ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಹರಿಹರಕ್ಕೆ ಹೋದೆ. ಪಡಸಾಲೆಯಲ್ಲಿ ಭಾವ ಇದ್ದರು. ಪಕ್ಕದ ಓಣಿಯ ಭಾಯಿ ಇದ್ದರು. ಅದೇ ಕಾರ್ಖಾನೆಯ ಗೇಟಿನಲ್ಲಿ ಭಾವನ ಜೊತೆ ವಾಚ್‌ಮನ್ ಆಗಿದ್ದವರು, ಈಗಲೂ ದಿನಾ ಬೆಳಿಗ್ಗೆ ಡ್ಯೂಟಿಗೆ ಬಂದ ಹಾಗೆ ಈ ಮನೆಗೆ ಬರುತ್ತಾರೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು.

"ಲಿವರ್ ಅನ್ನೋದು ಜಗಳ ಮಾಡದ ಅಂಗ ಭಾವ," ಎಂದು ಶುರು ಮಾಡಿದೆ. "ನಾವು ತಿಂದಿದ್ದು ಕುಡಿದಿದ್ದೆಲ್ಲ ಕರುಳಿಂದ ಮೊದಲು ಅಲ್ಲಿಗೇ ಹೋಗ್ತೈತೆ. ಅದರ ಜೊತೆ ಎಷ್ಟೋ ಕ್ರಿಮಿಗಳ ಚೂರುಗಳೂ ಹೋಗ್ತವೆ."

"ಅಂದ್ರೆ ಗೇಟು," ಎಂದರು ಭಾವ.

"ಗೇಟೇ ಅನ್ರಿ. ದಿನಾ ಹೊರಗಿನೋರು ಬರೋ ಜಾಗ. ಬಂದೋರ ಮೇಲೆಲ್ಲ ಬಡಿಗೆ ಎತ್ತಿದ್ರೆ ಕೆಲಸ ನಡಿಯಲ್ಲ. ಅದಕ್ಕೇ ಅಲ್ಲಿ ಕಾವಲಿನೋರಿಗೆ ಮೊದಲಿಂದ್ಲೂ ತಾಳ್ಮೆ ಕಲಿಸಿರ್ತದೆ ದೇಹ. ಗೆಡ್ಡೆ ಆ ತಾಳ್ಮೆನೇ ಬಳಸ್ಕೊಳ್ಳೋದು."

ಆಮೇಲೆ ಚಿತ್ರ ಬರೆದೆ. ನಡುವೆ ಗೆಡ್ಡೆ. ಸುತ್ತ ಚಿಕ್ಕ ಸೊನ್ನೆಗಳು: ಅವು ಟಿ ಕಣಗಳು, ಕೆಟ್ಟ ಕೋಶವನ್ನು ಗುರುತಿಸಿ ಕೊಲ್ಲುವವು. ಕ್ಯಾನ್ಸರ್ ರೋಗಿಯ ದೇಹದಲ್ಲಿ ಇವು ಇರುವುದಿಲ್ಲ ಎಂದು ಜನ ತಿಳಿದುಕೊಂಡಿರುವುದು ತಪ್ಪು. ಎಷ್ಟೋ ಸಲ ಗೆಡ್ಡೆಯ ಅಂಚಿನವರೆಗೆ ಬಂದು ನಿಂತಿರುತ್ತವೆ, ಕೆಲವು ಒಳಗೂ ಹೊಕ್ಕಿರುತ್ತವೆ. ಎದುರಿಗಿರುವುದು ಶತ್ರು ಎಂದೂ ಅವುಗಳಿಗೆ ಗೊತ್ತಿರುತ್ತದೆ. ಆದರೆ ಟಿ ಕಣದ ಮೈಮೇಲೆ ಒಂದು ಸ್ವಿಚ್ಚಿದೆ, ಅದನ್ನು ಒತ್ತಿದರೆ ಕಣ ಸುಮ್ಮನಾಗುತ್ತದೆ. ಒತ್ತುವ ಪ್ರೋಟೀನನ್ನು ಗೆಡ್ಡೆಯ ಕೋಶ ತನ್ನ ಮೈಮೇಲೆಯೇ ಹೊತ್ತು ನಿಂತಿರುತ್ತದೆ. ಕಸ ನುಂಗಿ ಜಾಗ ಚೊಕ್ಕಟ ಮಾಡಬೇಕಾದ ದೊಡ್ಡ ಕಣಗಳೂ ಅಲ್ಲಿ ಗೆಡ್ಡೆಯ ಕಡೆ ಸೇರಿ ಅದೇ ಪ್ರೋಟೀನು ತೋರಿಸುತ್ತವೆ. ಇನ್ನೊಂದು ಬಗೆಯ ಟಿ ಕಣಗಳಿವೆ, ಉಳಿದವರು ಅತಿಯಾಗಿ ಆಡದಂತೆ ತಡೆಯುವುದೇ ಅವುಗಳ ಕೆಲಸ. ಅವೂ ಅಲ್ಲಿ ಗುಂಪು ಕಟ್ಟಿರುತ್ತವೆ. ತಿಂಗಳುಗಟ್ಟಲೆ ಹೀಗೆ ಎದುರಿಗೇ ನಿಂತು, ಏನೂ ಮಾಡಲಾಗದೆ, ಕೊನೆಗೆ ಕೊಲ್ಲುವ ಕಣಗಳು ದಣಿದುಹೋಗುತ್ತವೆ.

ಭಾವ ಹಾಳೆಯನ್ನು ಹತ್ತಿರ ಎಳೆದುಕೊಂಡು ನೋಡಿದರು. "ಗೊತ್ತಾಯ್ತು ಬಿಡ್ರಿ ಮೇಷ್ಟ್ರೇ. ನಮ್ಮಲ್ಲಿ ಗಾಡಿ ಹೊರಗೆ ಹೋಗೋದು. ಗುಜರಿ ಕೆಳಗೆ ತಾಮ್ರ ಐತೆ ಅಂತ ನನಗೂ ಗೊತ್ತು, ಭಾಯಿಗೂ ಗೊತ್ತು. ಡ್ರೈವರ್ ಮ್ಯಾಲಿನ ಸಾಹೇಬ್ರ ಚೀಟಿ ತೋರಿಸ್ತಿದ್ದ. ಚೀಟಿ ನೋಡಿ ಗೇಟು ತೆಗೀತಿದ್ವಿ."

"ಚೀಟಿ ಸುಳ್ಳು ಅಂತಾನೂ ಗೊತ್ತಿತ್ತು," ಎಂದರು ಭಾಯಿ.

"ಗೊತ್ತಿದ್ದು ತೆಗೆದ್ರಾ?" ಎಂದೆ.

"ಸಹಿ ಇತ್ತಲ್ರಿ. ಸಹಿ ನೋಡಿದ ಮ್ಯಾಲೆ ನಾವ್ಯಾರು ಕೇಳಾಕೆ?"

ಇಷ್ಟು ಒಳ್ಳೆಯ ವಿವರಣೆ ನನ್ನ ಇಪ್ಪತ್ತು ವರ್ಷದ ಪಾಠದಲ್ಲಿ ನನಗೇ ಹೊಳೆದಿರಲಿಲ್ಲ. ಮುಂದಿನದು ಸಲೀಸಾಯಿತು. ಭಾವನಿಗೆ ಕೊಡುವ ಎರಡು ಔಷಧಿಗಳಲ್ಲಿ ಒಂದು ಆ ಚೀಟಿಗೆ ಅಡ್ಡ ಬರುತ್ತದೆ, ಚೀಟಿ ಕಾಣದಿದ್ದರೆ ಕಾವಲಿನವರು ತಮ್ಮ ಕೆಲಸ ಮಾಡುತ್ತಾರೆ. ಇನ್ನೊಂದು, ಗೆಡ್ಡೆ ತನ್ನ ಹೊಟ್ಟೆಪಾಡಿಗೆ ಅಡ್ಡಾದಿಡ್ಡಿ ಎಳೆದುಕೊಂಡ ರಕ್ತನಾಳಗಳನ್ನು ಹದಕ್ಕೆ ತರುತ್ತದೆ. ಇಷ್ಟು ಹೇಳಿ ಗಡಿಯಾರ ನೋಡಿದೆ. ಅಕ್ಕ ಅವರೆಕಾಯಿ ಬುಟ್ಟಿ ಪಕ್ಕಕ್ಕಿಟ್ಟಳು.

"ತಮ್ಮಾ, ಅವರು ದಣಿದಾರೆ ಅಂದ್ಯಲ್ಲ."

"ಹ್ಞೂಂ, ದಣಿದಿರ್ತಾರೆ."

"ಹಂಗಾದ್ರೆ ಅವರಿಗೆ ಹೊಟ್ಟೆಗೆ ಏನಾರ ಹಾಕಬೇಕಲ್ಲಪ."

ನಾನು ಏನು ಉತ್ತರ ಕೊಟ್ಟೆ ಎಂದು ನೆನಪಿಲ್ಲ. ಬಹುಶಃ ನಕ್ಕೆ. ಹನ್ನೊಂದೂವರೆಯ ಬಸ್ಸಿಗೆ ಹೊರಟಿದ್ದೆ.

ಮೊದಲೆರಡು ಡ್ರಿಪ್ ಸುಸೂತ್ರವಾಗಿ ಆದವು. ಭಾವ ಊಟ ಮಾಡುತ್ತಿದ್ದರು, ಬೆಳಿಗ್ಗೆ ಭಾಯಿಯ ಜೊತೆ ಹೊಳೆಯ ಕಡೆ ನಡೆದು ಬರುತ್ತಿದ್ದರು, ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಬಜ್ಜಿ ಬೇಕು ಎಂದು ಅಕ್ಕನ ಹತ್ತಿರ ಬೈಸಿಕೊಳ್ಳುತ್ತಿದ್ದರು. ಮೂರನೆಯ ಡ್ರಿಪ್ಪಿಗೆ ಮುಂಚೆ ಎಂದಿನಂತೆ ರಕ್ತ ಪರೀಕ್ಷೆಯಾಯಿತು. ಶುಕ್ರವಾರ ಡಾಕ್ಟರು ನಮ್ಮನ್ನು ಒಳಗೆ ಕರೆದು ಕೂರಿಸಿದರು. ನನಗಿಂತ ತುಂಬ ಚಿಕ್ಕವರು, ಕೆಳದನಿಯಲ್ಲಿ ಬೇಗ ಬೇಗ ಮಾತಾಡುವವರು.

"ಎಸ್‌ಜಿಪಿಟಿ ತುಂಬ ಏರಿದೆ ಸರ್. ಇವತ್ತು ಡ್ರಿಪ್ ಕೊಡೋಕಾಗಲ್ಲ."

ಲಿವರ್ ಕೋಶಗಳು ಒಡೆದಾಗ ರಕ್ತಕ್ಕೆ ಸೋರುವ ಕಿಣ್ವ ಅದು. ಕಾಗದದ ಮೇಲಿನ ಅಂಕಿ ನೋಡಿದೆ. ನನಗೆ ಬೇರೆ ವಿವರಣೆ ಬೇಕಿರಲಿಲ್ಲ, ಆದರೂ ಅವರು ಅಕ್ಕನ ಕಡೆ ತಿರುಗಿ ಹೇಳಿದರು. ಈ ಔಷಧಿ ಕಾವಲಿನ ಕಣಗಳ ತಡೆ ತೆಗೆಯುತ್ತದೆ. ಕೆಲವರಲ್ಲಿ ಹಾಗೆ ಬಿಟ್ಟ ಕಣಗಳು ಗೆಡ್ಡೆಯನ್ನು ಬಿಟ್ಟು ಒಳ್ಳೆಯ ಲಿವರ್ ಮೇಲೇ ಬೀಳುತ್ತವೆ. ಇದು ಅದೇ ಇರಬಹುದು. ಹಾಗಿದ್ದರೆ ಸ್ಟೀರಾಯ್ಡ್ ಕೊಡಬೇಕು, ಅಂದರೆ ಎಬ್ಬಿಸಿದವರನ್ನು ಮತ್ತೆ ಕೂರಿಸಬೇಕು.

"ಕೂರಿಸಿದ ಮೇಲೆ ಮತ್ತೆ ಈ ಔಷಧಿ?" ಎಂದೆ.

"ಅದನ್ನ ಈಗಲೇ ಹೇಳೋಕಾಗಲ್ಲ. ಮತ್ತೆ ಶುರು ಮಾಡೋ ಧೈರ್ಯ ಬರದೇನೂ ಇರಬಹುದು. ಇವರಿಗೆ ಇದಕ್ಕಿಂತ ಒಳ್ಳೇದು ನನ್ನ ಹತ್ರ ಇನ್ನೊಂದಿಲ್ಲ." ಅವರು ಪೆನ್ನು ತೆಗೆದರು. "ವೈರಸ್ ಮತ್ತೆ ಎದ್ದಿದೆಯಾ ಅಂತ ಪರೀಕ್ಷೆಗೆ ಕಳಿಸ್ತೀನಿ. ಅದು ನಾಳೆ ಬರುತ್ತೆ. ಏನೂ ಇಲ್ಲ ಅಂದ್ರೆ ಸೋಮವಾರ ಸ್ಟೀರಾಯ್ಡ್ ಶುರು. ಅಂದಹಾಗೆ, ಮನೇಲಿ ಬೇರೆ ಏನಾದ್ರೂ ಕೊಡ್ತಿದ್ದೀರಾ? ನಾಟಿ ಔಷಧಿ, ಪುಡಿ, ಕಷಾಯ?"

"ಇಲ್ಲ ಮೇಡಂ," ಎಂದೆ ನಾನು. "ಅಮೃತಬಳ್ಳಿ ಕಷಾಯ ಕೊಡಬಹುದಾ ಅಂತ ನಮ್ಮಕ್ಕ ಒಂದು ಸಲ ಕೇಳಿದ್ಲು. ಬ್ಯಾಡ ಅಂತ ನಾನೇ ಹೇಳಿದೀನಿ."

ನನಗೆ ಅದು ಸ್ಪಷ್ಟವಾಗಿ ನೆನಪಿತ್ತು. ಕಾಲೇಜಿನ ಸ್ಟಾಫ್ ರೂಮಿನ ಕಿಟಕಿ, ಹೊರಗೆ ಸೈಕಲ್ ಸ್ಟ್ಯಾಂಡಿನ ತಗಡು ಬಿಸಿಲಿಗೆ ಹೊಳೆಯುತ್ತಿತ್ತು, ಬಲಗೈಯಲ್ಲಿ ಹಾಜರಿ ಪುಸ್ತಕ, ಎಡಗೈಯಲ್ಲಿ ಫೋನು. ಬ್ಯಾಡ ಎಂದು ಹೇಳಿದ ಮೇಲೆ ಮನಸ್ಸಿಗೆ ಆದ ಒಂದು ಸಣ್ಣ ತೃಪ್ತಿಯೂ ನೆನಪಿತ್ತು. ಡಾಕ್ಟರು ತಲೆಯಾಡಿಸಿ ಫೈಲಿನಲ್ಲಿ ಒಂದು ಸಾಲು ಬರೆದರು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಹೆದರಿದ್ದಾಳೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಏಳೂವರೆಗೆಲ್ಲ ಹರಿಹರದಲ್ಲಿದ್ದೆ. ಮನೆಯ ಮುಂಬಾಗಿಲು ತೆರೆದಿತ್ತು, ಯಾರೂ ಇರಲಿಲ್ಲ. ಹಿತ್ತಲಿಗೆ ಹೋದೆ. ಅಲ್ಲಿ ಒಂದು ಬೇವಿನ ಮರವಿದೆ, ಅದರ ಕಾಂಡಕ್ಕೆ ಹಗ್ಗ ಸುತ್ತಿದ ಹಾಗೆ ಅಮೃತಬಳ್ಳಿ ಹಬ್ಬಿದೆ. ಬೇವಿಗೆ ಹಬ್ಬಿದ ಬಳ್ಳಿಯೇ ಶ್ರೇಷ್ಠ ಎಂದು ಆ ಓಣಿಯವರೆಲ್ಲ ಕೊರೋನಾ ಕಾಲದಲ್ಲಿ ಇಲ್ಲಿಂದಲೇ ಕಡಿದುಕೊಂಡು ಹೋಗುತ್ತಿದ್ದರು. ಅಕ್ಕ ಒಲೆಯ ಕಲ್ಲಿನ ಪಕ್ಕ ಕೂತು ಗೇಣುದ್ದದ ತುಂಡುಗಳ ಸಿಪ್ಪೆ ಹೆರೆಯುತ್ತಿದ್ದಳು. ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು. ಕಟ್ಟೆಯ ಮೇಲೆ ಭಾವ, ಭಾಯಿ. ಭಾಯಿಯ ಕೈಯಲ್ಲಿ ಸ್ಟೀಲ್ ಲೋಟ.

"ಏನಿದು?" ಎಂದೆ.

"ಕಷಾಯ," ಎಂದಳು ಅಕ್ಕ, ತಲೆ ಎತ್ತದೆ.

"ಯಾರಿಗೆ?"

"ಮತ್ಯಾರಿಗೆ. ನಿಮ್ಮ ಭಾವನಿಗೆ. ಭಾಯಿ ಕಂಪನಿ ಕೊಡ್ತಾರೆ."

"ಕಹಿ ಒಬ್ಬರೇ ಕುಡಿಯಾಕೆ ಆಗಲ್ರಿ," ಎಂದರು ಭಾಯಿ. "ಒಂದೂವರೆ ತಿಂಗಳಾತು. ನನಗೆ ಮೊಣಕಾಲು ನೋವು ಎಷ್ಟೋ ವಾಸಿ."

ನನಗೆ ಸಿಟ್ಟು ಬಂತು. ನಿಂತಲ್ಲಿ ನಿಲ್ಲಲಾಗದೆ ಹಿತ್ತಲಲ್ಲೇ ಆ ಕಡೆ ಈ ಕಡೆ ಓಡಾಡುತ್ತ ಕೂಗಾಡಿದೆ. ಲಿವರ್ ಒಡೆಯುತ್ತಿದೆ, ಡಾಕ್ಟರು ಸ್ಟೀರಾಯ್ಡ್ ಕೊಡಲು ಹೊರಟಿದ್ದಾರೆ, ನಾನು ಬೇಡ ಎಂದಮೇಲೂ ಇದನ್ನು ಕೊಡುವುದೆಂದರೆ ಏನರ್ಥ ಎಂದೆಲ್ಲ ಅಂದೆ. ಅಕ್ಕ ಚಾಕು ಕೆಳಗಿಟ್ಟಳು.

"ನೀನು ಬ್ಯಾಡ ಅಂದಿಲ್ಲ. ಕೊಡು ಅಂದೆ."

"ನಾನಾ?"

"ನೀನೇ."

"ಅಕ್ಕ, ನಾನೆಲ್ಲಿ ನಿಂತು ಹೇಳಿದೆ ಅಂತಾನೂ ನನಗೆ ನೆನಪೈತೆ."

"ಇರ್ಲಿ. ಕೂಡು ಮೊದಲು."

ಅವಳು ಒಳಗೆ ಹೋಗಿ ಫೋನು ತಂದಳು. ಕನ್ನಡಕ ಹಾಕಿಕೊಂಡು ಮೇಲಕ್ಕೆ ಮೇಲಕ್ಕೆ ಸರಿಸುತ್ತ ಹೋದಳು. ಹಬ್ಬದ ಶುಭಾಶಯಗಳು, ನಮ್ಮ ಮನೆಯ ಹುಟ್ಟುಹಬ್ಬದ ಫೋಟೋ, ಭಾವನ ಸ್ಕ್ಯಾನ್ ರಿಪೋರ್ಟು ಎಲ್ಲ ದಾಟಿದವು. ಬೇವಿನ ಮರದ ಬಳ್ಳಿಯ ಒಂದು ಫೋಟೋ ಬಂತು. ಅದರ ಕೆಳಗೆ ನನ್ನ ಧ್ವನಿ ಸಂದೇಶ. ಅವಳು ಬೆರಳಿಟ್ಟಳು.

ಹಿಂದೆ ಕಾಲೇಜಿನ ಬೆಲ್ಲು ಹೊಡೆಯುತ್ತಿತ್ತು. ಅದರ ಮೇಲೆ ನನ್ನ ದನಿ, ಯಾವ ಅನುಮಾನಕ್ಕೂ ಎಡೆಯಿಲ್ಲದ ನನ್ನ ದನಿ: "ಹ್ಞೂಂ ಅಕ್ಕ, ಕೊಡು ಕೊಡು. ಅಮೃತಬಳ್ಳಿ ತಾನೆ, ಅದರಿಂದ ಏನೂ ಆಗಲ್ಲ. ಕ್ಲಾಸೈತೆ, ಇಡ್ತೀನಿ."

ಅವಳು ಇನ್ನೊಂದು ಸಲ ಹಾಕಿದಳು, ನಾನು ಕೇಳದೇ ಇದ್ದರೂ.

ಆ ಬಗ್ಗೆ ನಾನು ಆಮೇಲೆ ಎಷ್ಟೋ ಯೋಚಿಸಿದ್ದೇನೆ. ಕಿಟಕಿ ಸುಳ್ಳಲ್ಲ, ತಗಡಿನ ಹೊಳಪು ಸುಳ್ಳಲ್ಲ. ಬ್ಯಾಡ ಎಂದು ನಾನು ಯಾರಿಗೋ ಹೇಳಿದ್ದೂ ಇರಬೇಕು; ಕೊರೋನಾ ಕಾಲದಲ್ಲಿ ಸಹೋದ್ಯೋಗಿಯೊಬ್ಬರು ಫ್ಲಾಸ್ಕಿನಲ್ಲಿ ಇದೇ ಕಷಾಯ ತಂದು ಎಲ್ಲರಿಗೂ ಹಂಚುತ್ತಿದ್ದರು. ಅವರನ್ನು ಕೇಳಿದೆ. "ನೀವು ಕುಡಿದ್ರಿ ಸರ್, ಎರಡನೇ ಸಲ ಕೇಳಿ ಇಸ್ಕೊಂಡ್ರಿ," ಎಂದರು. ಅವರ ನೆನಪೂ ಸರಿಯಿರಬೇಕೆಂದಿಲ್ಲ. ಆದರೆ ಆಗಬೇಕಿದ್ದ ಉತ್ತರವನ್ನು ಆದ ಉತ್ತರ ಎಂದು ನನ್ನ ತಲೆ ಜೋಡಿಸಿಟ್ಟುಕೊಂಡಿತ್ತು, ಜಾಗ ಬೆಳಕು ಸಮೇತ. ವಿವರ ಹೆಚ್ಚಿದ್ದಷ್ಟೂ ನೆನಪು ಗಟ್ಟಿ ಎಂದು ಅಲ್ಲಿಯವರೆಗೆ ನಂಬಿದ್ದೆ. ಈಗ ನಂಬುವುದಿಲ್ಲ.

ಹಿತ್ತಲಲ್ಲಿ ಆ ಹೊತ್ತಿಗೆ ನನಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. "ಸರಿ, ನಾನು ಮರೆತೆ. ನಿನ್ನೆ ಡಾಕ್ಟ್ರು ಕೇಳಿದಾಗ ನೀನು ಪಕ್ಕದಲ್ಲೇ ಇದ್ಯಲ್ಲ. ಕೊಡ್ತಿದೀವಿ ಅಂತ ಯಾಕ ಹೇಳಲಿಲ್ಲ?"

"ನಾನು ಬಾಯಿ ತೆಗೆಯೋದ್ರೊಳಗೆ ನೀನು ಹೇಳಿಬಿಟ್ಟೆ."

"ಆಮೇಲಾದ್ರೂ?"

"ಆಮೇಲೆ ಹೆಂಗೆ ಹೇಳ್ಲಿ? ಕಾಲೇಜಿನಾಗೆ ಪಾಠ ಮಾಡೋ ತಮ್ಮ ಡಾಕ್ಟ್ರ ಮುಂದೆ ಒಂದು ಮಾತು ಹೇಳಿದಾನೆ. ಅವನ ಪಕ್ಕದಾಗೆ ಕೂತು ಅದು ಸುಳ್ಳು ಅನ್ಲಾ? ನಿನ್ನ ಮರ್ಯಾದೆ ಏನಾಗಬೇಕು? ಮನೆಗೆ ಬಂದ ಮ್ಯಾಲೆ ಹೇಳಿದ್ರಾಯ್ತು ಅಂತ ಸುಮ್ಮನಿದ್ದೆ. ನೀನು ಅಲ್ಲಿಂದಲೇ ಮನೆಗೆ ಹೋದೆ."

"ಮತ್ತೆ ಇವತ್ತು ಯಾಕೆ ಕುದಿಸ್ತಿದ್ದೀಯ?"

"ರಿಪೋರ್ಟ್ ಕೆಟ್ಟದು ಬಂದೈತಲ್ಲ. ಕಾವಲಿನೋರು ಸೋತಾರೆ ಅಂತಾಯ್ತು. ಇನ್ನೊಂದು ಲೋಟ ಜಾಸ್ತಿ ಕೊಡಾಣ ಅಂತ."

ಭಾವ ಭಾಯಿಯ ತೊಡೆ ತಟ್ಟಿದರು. "ನೋಡಿದ್ಯಾ. ಇವನ ಸಹಿ ನೋಡಿ ಗೇಟು ತೆಗೆದಾಳೆ."

ಭಾಯಿ ನಕ್ಕರು. ಅಕ್ಕ ನಗಲಿಲ್ಲ. ನನಗೂ ನಗು ಬರಲಿಲ್ಲ, ಆದರೆ ಮಾತು ನೂರಕ್ಕೆ ನೂರು ನಿಜವಾಗಿತ್ತು. ಅಕ್ಕ ನೋಡಿದ್ದಳು, ಅವಳಿಗೆ ಗೊತ್ತಿತ್ತು, ಅವಳು ಅಲ್ಲೇ ಇದ್ದಳು. ಅವಳನ್ನು ಸುಮ್ಮನಾಗಿಸಿದ್ದು ನಾನು. ಗದರಿಸಿ ಅಲ್ಲ, ಬರೀ ಖಚಿತವಾಗಿ ಮಾತಾಡಿ.

ಮಾಡಬೇಕಾದ್ದರ ಬಗ್ಗೆ ನನಗೆ ಅನುಮಾನವಿರಲಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ನಾನೇ ಇಳಿಸಿದೆ. ಬಳ್ಳಿಯ ಎರಡು ತುಂಡು, ನಾಲ್ಕು ಎಲೆ ಒಂದು ಕವರಿಗೆ ಹಾಕಿಕೊಂಡೆ. ಶನಿವಾರ ಡಾಕ್ಟರು ಮಧ್ಯಾಹ್ನದವರೆಗೆ ಮಾತ್ರ ಇರುತ್ತಾರೆ. "ಅಕ್ಕ, ಹೊರಡು," ಎಂದೆ.

"ನಾನ್ಯಾಕ?"

"ಎಷ್ಟು, ಹೆಂಗೆ, ಯಾವಾಗಿಂದ ಅಂತ ಕೇಳ್ತಾರೆ. ನಾನು ಹೇಳಿದ್ರೆ ಮತ್ತೆ ತಪ್ಪು ಹೇಳ್ತೀನಿ."

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ದಾರಿಯುದ್ದಕ್ಕೂ ಒಂದೇ ಮಾತು ಕೇಳಿದಳು: "ನನ್ನಿಂದ ಆಯ್ತಾ ಇದು?" ನಿನ್ನಿಂದಲ್ಲ ಎಂದೆ. ಅಷ್ಟಕ್ಕೆ ಅವಳಿಗೆ ಸಮಾಧಾನವಾಗಲಿಲ್ಲ. ಫೋನು ಅವಳ ಕೈಯಲ್ಲೇ ಇತ್ತು, ನನ್ನ ಆ ಸಂದೇಶವನ್ನು ಅವಳು ಅಳಿಸಿರಲಿಲ್ಲ, ಅಳಿಸುವುದೂ ಬೇಡ ಎಂದು ಹೇಳಿದೆ.

ಹೊರರೋಗಿಗಳ ಸಾಲು ಮುಗಿಯುವ ಹೊತ್ತಿಗೆ ನಮ್ಮನ್ನು ಒಳಗೆ ಬಿಟ್ಟರು. "ನಿನ್ನೆ ನಾನು ಹೇಳಿದ್ದು ತಪ್ಪು ಮೇಡಂ," ಎಂದು ಶುರು ಮಾಡಿ ಕವರನ್ನು ಮೇಜಿನ ಮೇಲಿಟ್ಟೆ. ಉಳಿದದ್ದನ್ನು ಅಕ್ಕ ಹೇಳಿದಳು. ಮೊದಲ ಡ್ರಿಪ್ ಆದ ಮೂರನೆಯ ದಿನದಿಂದ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ, ಗೇಣುದ್ದದ ತುಂಡು ಎರಡು, ಒಂದು ಚೊಂಬು ನೀರು ಅರ್ಧಕ್ಕಿಳಿಯುವವರೆಗೆ, ಮೆಣಸು ನಾಲ್ಕು ಕಾಳು. ಒಂದು ದಿನವೂ ತಪ್ಪಿಸಿಲ್ಲ, ಅಮಾವಾಸ್ಯೆ ಬಿಟ್ಟು. ಅಷ್ಟು ನಿಖರವಾಗಿ ನನ್ನ ಯಾವ ವಿದ್ಯಾರ್ಥಿಯೂ ಪ್ರಯೋಗದ ವಿವರ ಬರೆದಿಲ್ಲ.

ಡಾಕ್ಟರು ಬೈಯಲಿಲ್ಲ. ಎಲೆ ತಿರುಗಿಸಿ ನೋಡಿದರು. "ಇದನ್ನ ಕುಡಿದು ಲಿವರ್ ಊದಿಸ್ಕೊಂಡು ಬಂದೋರನ್ನ ನಾವು ನೋಡಿದೀವಿ ಅಮ್ಮ. ಎಲ್ಲರಿಗೂ ಆಗಲ್ಲ. ಆದವರಿಗೆ ಜೋರಾಗೇ ಆಗುತ್ತೆ. ಅದರಲ್ಲೂ ಇವರ ಕಾವಲಿನ ಕಣಗಳ ಮೇಲಿದ್ದ ತಡೆ ನಾವೇ ತೆಗೆದಿದೀವಿ."

"ಶಕ್ತಿ ಬರ್ಲಿ ಅಂತ ಕೊಟ್ಟೆ," ಎಂದಳು ಅಕ್ಕ.

"ಗೊತ್ತು."

ವೈರಸ್ಸಿನ ಪರೀಕ್ಷೆ ಬಂದಿತ್ತು, ಅದು ಎದ್ದಿರಲಿಲ್ಲ. ಡಾಕ್ಟರು ಫೈಲು ತೆರೆದು ನಿನ್ನೆ ಬರೆದ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಅಕ್ಕನ ಮಾತನ್ನು ಹಾಗೇ ಬರೆದುಕೊಂಡರು. ಕಾಮಾಲೆಯ ಲಕ್ಷಣ ಇನ್ನೂ ಇಲ್ಲದ ಕಾರಣ ಸ್ಟೀರಾಯ್ಡನ್ನು ಸದ್ಯ ತಡೆಹಿಡಿಯುತ್ತೇನೆ ಎಂದರು. ಕಷಾಯ ಪೂರ್ತಿ ನಿಲ್ಲಬೇಕು, ಮೂರು ದಿನಕ್ಕೊಮ್ಮೆ ರಕ್ತ ಕೊಡಬೇಕು. ಇಳಿದರೆ ಡ್ರಿಪ್ ಮತ್ತೆ ಶುರು, ಇಳಿಯದಿದ್ದರೆ ಸ್ಟೀರಾಯ್ಡ್ ಬಿಟ್ಟು ಬೇರೆ ದಾರಿಯಿಲ್ಲ.

ಮಾರನೆಯ ದಿನ ಭಾನುವಾರ. ಮತ್ತೆ ಪಡಸಾಲೆ, ಮತ್ತೆ ಹಾಳೆ. ಈ ಸಲ ನನ್ನ ನೋಟ್‌ಬುಕ್ಕಿನದು, ಅದು ಈಗಲೂ ನನ್ನ ಹತ್ತಿರ ಇದೆ. ಕಾವಲಿನವರು ಹಸಿದಿಲ್ಲ ಎಂದು ಹೇಳಲು ಹೊರಟೆ. ಭಾವ ಪೆನ್ನು ಕಸಿದುಕೊಂಡರು.

"ಇವಳಿಗೆ ನಾನು ಹೇಳ್ತೀನಿ ಇರ್ರಿ. ಲೇ, ಗೇಟಿನಾಗೆ ನಾನು ಸುಮ್ಮನೆ ನಿಂತಿದ್ದು ಹೊಟ್ಟೆಗಿಲ್ಲದೆ ಅಲ್ಲ. ನೀನು ಮೂರು ರೊಟ್ಟಿ ಕಟ್ಟಿಕೊಡ್ತಿದ್ದೆ. ಮೂರಲ್ಲ, ಆರು ಕಟ್ಟಿದ್ರೂ ಚೀಟಿ ಬಂದ್ರೆ ಗೇಟು ತೆಗೀತಿದ್ದೆ. ಅರ್ಥ ಆಯ್ತಾ? ಚೀಟಿ ಹೋಗಬೇಕು, ಊಟ ಹೆಚ್ಚಾಗೋದಲ್ಲ."

"ಇದನ್ನ ಅವತ್ತೇ ಹಿಂಗೆ ಹೇಳಿದ್ರೆ ನಾನ್ಯಾಕೆ ಬಳ್ಳಿ ಕಡೀತಿದ್ದೆ?" ಎಂದು ಅಕ್ಕ ನನ್ನ ಕಡೆ ನೋಡಿದಳು. ನಿಜ. ಕಣಗಳು ದಣಿಯುತ್ತವೆ ಎಂದು ಹೇಳಿದವನು ನಾನು. ಆ ದಣಿವು ತಿಂದು ಉಂಡರೆ ಹೋಗುವಂಥದ್ದಲ್ಲ, ಮತ್ತೆ ಮತ್ತೆ ತಡೆಸಿಕೊಂಡು ಒಳಗೇ ಆದ ಬದಲಾವಣೆ ಎಂದು ಹೇಳುವ ಮುಂಚೆ ಬಸ್ಸಿನ ಹೊತ್ತಾಗಿತ್ತು. ದಣಿದವನ ಮುಂದೆ ಲೋಟ ಇಡದೆ ಕಳಿಸುವ ಮನೆಯಲ್ಲ ಅದು.

ಮೊದಲ ಮೂರು ದಿನಕ್ಕೆ ಅಂಕಿ ಏರಿಯೂ ಇಲ್ಲ, ಇಳಿದೂ ಇಲ್ಲ. ಆರನೆಯ ದಿನ ಕೊಂಚ ಇಳಿಯಿತು. ಆಮೇಲೆ ಪ್ರತಿ ಸಲವೂ ಇಳಿಯಿತು. ಸ್ಟೀರಾಯ್ಡ್ ಕೊಡಲಿಲ್ಲ. ಕಷಾಯದಿಂದಲೇ ಹಾಗಾಯಿತು ಎಂದು ಇದರಿಂದ ಸಾಬೀತಾಗುತ್ತದೆಯೇ? ಇಲ್ಲ. ಡ್ರಿಪ್ಪೂ ತಪ್ಪಿತ್ತು, ಕಷಾಯವೂ ನಿಂತಿತ್ತು. ಎರಡರಲ್ಲಿ ಯಾವುದರಿಂದ ಇಳಿಯಿತು ಎಂದು ಕಟ್ಟುನಿಟ್ಟಾಗಿ ಹೇಳಲಾಗದು. ಡಾಕ್ಟರನ್ನು ಕೇಳಿದಾಗ, "ಮತ್ತೆ ಡ್ರಿಪ್ ಕೊಟ್ಟಾಗ ಏರದಿದ್ರೆ ನನಗೆ ಅಷ್ಟು ಸಾಕು ಸರ್," ಎಂದರು. ಭಾಯಿ ತಾವೂ ರಕ್ತ ಪರೀಕ್ಷೆ ಮಾಡಿಸಿ, ಎಲ್ಲ ಸರಿಯಿದೆ ಎಂಬ ಕಾಗದವನ್ನು ಒಂದು ವಾರ ಜೇಬಿನಲ್ಲಿಟ್ಟುಕೊಂಡು ಓಣಿಯಲ್ಲೆಲ್ಲ ತೋರಿಸಿದರು. ಆದರೆ ಕಷಾಯ ಬಿಟ್ಟರು. ಕಂಪನಿ ಇಲ್ಲದೆ ಆ ಕಹಿ ಕುಡಿಯಲಾಗುವುದಿಲ್ಲವಂತೆ.

ಮೂರನೆಯ ಡ್ರಿಪ್ ಸಿಕ್ಕಿದ್ದು ಸುಮಾರು ಒಂದು ತಿಂಗಳು ತಡವಾಗಿ. ಅಷ್ಟು ದಿನದಲ್ಲಿ ಗೆಡ್ಡೆ ಏನು ಮಾಡಿರಬಹುದು ಎಂಬ ಯೋಚನೆ ನಮಗೆಲ್ಲ ಇತ್ತು. ಆ ಬೆಳಿಗ್ಗೆ ಡ್ರಿಪ್ ಕೊಡುವ ಕೋಣೆಯ ಬಾಗಿಲಲ್ಲಿ ನರ್ಸು ಫೈಲು ಹಿಡಿದು ಎಂದಿನ ಪ್ರಶ್ನೆಗಳನ್ನು ಕೇಳಿದರು. ಜ್ವರ? ಬೇಧಿ? ಮೈಮೇಲೆ ಗುಳ್ಳೆ? ಮನೆಯಲ್ಲಿ ಬೇರೆ ಏನಾದರೂ ಕೊಡುತ್ತಿದ್ದೀರಾ?

ನನ್ನ ಬಾಯಿ ತೆರೆದಿತ್ತು. ಅಕ್ಕ ನನ್ನ ಮೊಣಕೈ ಹಿಡಿದು ಹಿಂದಕ್ಕೆ ಸರಿಸಿದಳು.

"ಕಷಾಯ ನಿಲ್ಲಿಸಿ ಒಂದು ತಿಂಗಳಾತು," ಎಂದಳು. "ಪುಡಿ ಇಲ್ಲ. ಬುಧವಾರ ಸ್ವಲ್ಪ ಶುಂಠಿ ಹಾಕಿದ ಟೀ. ಮೊನ್ನೆ ನನಗೆ ಗೊತ್ತಿಲ್ಲದಂಗೆ ಬಸ್ ಸ್ಟ್ಯಾಂಡ್ ಹತ್ರ ಎರಡು ಮೆಣಸಿನಕಾಯಿ ಬಜ್ಜಿ ತಿಂದಾರೆ, ಭಾಯಿ ಹೇಳಿದ್ರು."

"ಒಂದು," ಎಂದರು ಭಾವ.

"ಎರಡು ಅಂತ ಬರ್ಕೊಳ್ರಿ," ಎಂದಳು ಅಕ್ಕ. ನರ್ಸು ನಗುತ್ತ ಬರೆದುಕೊಂಡರು.

ಭಾವ ಒರಗು ಕುರ್ಚಿಯಲ್ಲಿ ಕೂತರು. ಸೂಜಿ ಚುಚ್ಚಿ, ನಳಿಕೆ ಸೇರಿಸಿ, ನರ್ಸು ಹನಿ ಬಿಡುವ ಪುಟ್ಟ ಗಾಲಿ ತಿರುಗಿಸಿದರು. ಮೊದಲ ಹನಿ ಇಳಿಯುವುದನ್ನು ಭಾವ ನೋಡಿದರು, ಆಮೇಲೆ ಗೋಡೆಯ ಗಡಿಯಾರ ನೋಡಿದರು.

"ಹತ್ತು ನಲವತ್ತೆರಡಕ್ಕೆ ಒಳಗೆ ಬಿಟ್ರು," ಎಂದರು. "ಬರ್ಕೊಳ್ರಿ ಮೇಷ್ಟ್ರೇ, ಆಮೇಲೆ ಇನ್ನೊಂದು ಹೇಳ್ತೀರಿ."

ನೋಟ್‌ಬುಕ್ ತೆಗೆದು ಬರೆದುಕೊಂಡೆ.